ಜಿಂಕೆಗಳು ಒಲ್ಲದ ವಾಸನೆ

ಆ ಆವರಣದಲ್ಲಿದ್ದ ಚುಕ್ಕೆ ಜಿಂಕೆಗಳು ಹದಿನೇಳು. ನನ್ನ ನೆನಪು ಹದಿನೆಂಟು ಎನ್ನುತ್ತದೆ. ದಿನಚರಿ ಹದಿನೇಳು ಎನ್ನುತ್ತದೆ. ದಿನಚರಿಯನ್ನು ನಂಬಿ ಬರೆಯುತ್ತಿದ್ದೇನೆ. ಆ ದಿನಚರಿಯನ್ನೂ ಎಲ್ಲೆಲ್ಲಿ ನಂಬಬಾರದು ಎಂಬುದು ಮುಂದೆ ತಿಳಿಯುತ್ತದೆ.

ಗರುಡಾಚಾರ್‌ಪಾಳ್ಯದ ಹಿಂಬದಿಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಜಾಗ ಅದು. ಕಾರ್ಖಾನೆ ನಡೆಯುತ್ತಿದ್ದಾಗ ಯಾರೋ ಅಧಿಕಾರಿ ಶೋಕಿಗೆಂದು ತಂದು ಬಿಟ್ಟಿದ್ದ ಒಂದೆರಡು ಜೋಡಿ ಜಿಂಕೆ, ಅಲ್ಲಿನ ಮಳೆಮರಗಳ ನಡುವೆ ಬೆಳೆದು ಹಿಂಡಾಗಿತ್ತು. ಈಗ ಆ ನೆಲ ಕಚೇರಿ ಕಟ್ಟಡಗಳಿಗೆ ಹೋಗಿತ್ತು. ಒಂದು ಮೂಲೆಯಲ್ಲಿ ಜೆಸಿಬಿ ಆಗಲೇ ಓಡಾಡುತ್ತಿತ್ತು. ಫೆಬ್ರವರಿ ಮುಗಿಯುವುದರೊಳಗೆ ಜಿಂಕೆಗಳನ್ನು ಹಿಡಿದು ದಕ್ಷಿಣದ ಕಾಡೊಂದರ ಅಂಚಿಗೆ ಸಾಗಿಸಬೇಕೆಂದು ಅರಣ್ಯ ಇಲಾಖೆ ತೀರ್ಮಾನಿಸಿತ್ತು. ಹಿಡಿಯುವ ಕೆಲಸ ನನಗೆ ಬಂತು. ಮನುಷ್ಯನ ವಾಸನೆಗೆ ಜಿಂಕೆಗಳು ಹೇಗೆ ಬೆದರುತ್ತವೆ ಎಂಬುದರ ಮೇಲೆ ನಾನು ಪ್ರಬಂಧ ಬರೆದವನು ಎನ್ನುವುದೇ ಅದಕ್ಕೆ ಕಾರಣ.

ಜಿಂಕೆಯನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವಂತಿಲ್ಲ. ಗಾಬರಿಯಿಂದ ಓಡಿದ ಜಿಂಕೆಯ ಸ್ನಾಯುಗಳು ಒಳಗೇ ಕೆಟ್ಟು, ಹಿಡಿದ ಎರಡು ಮೂರು ದಿನಕ್ಕೆ ಅದು ನಿಂತಲ್ಲೇ ಕುಸಿಯುತ್ತದೆ. ಅರಿವಳಿಕೆಯ ಸೂಜಿ ಹೊಡೆದರೂ ಅದೇ ಅಪಾಯ. ಹಾಗಾಗಿ ಹಸಿರು ಪರದೆ ಕಟ್ಟಿದ ಎರಡು ಉದ್ದ ಬೇಲಿಗಳನ್ನು ಆಲಿಕೆಯಂತೆ ಕಿರಿದು ಮಾಡುತ್ತಾ ಬಂದು, ಕೊನೆಯಲ್ಲಿ ಒಂದು ದೊಡ್ಡಿ ಕಟ್ಟಿಸಿದೆವು. ದೊಡ್ಡಿಯೊಳಗೆ ದಿನವೂ ಮೇವು. ಜಿಂಕೆಗಳು ತಾವಾಗಿಯೇ ಒಳಗೆ ಬಂದು ತಿನ್ನುವುದನ್ನು ರೂಢಿಸಿಕೊಳ್ಳಬೇಕು. ಹದಿನೇಳೂ ಒಳಗಿರುವ ಒಂದು ದಿನ, ಹಗ್ಗ ಸಡಿಲಿಸಿ ಬಾಗಿಲು ಬೀಳಿಸಬೇಕು. ಫೆಬ್ರವರಿಯ ಕೊನೆಗೆ ಹೀಗೆ ಆಗದಿದ್ದರೆ ಸೂಜಿಯೇ ಗತಿ ಎಂದು ವಲಯ ಅರಣ್ಯಾಧಿಕಾರಿ ಮೊದಲೇ ಹೇಳಿದ್ದರು. ಹಿಂಡಿನಲ್ಲಿ ಐದು ಹೆಣ್ಣುಗಳು ಗಬ್ಬವಾಗಿದ್ದವು.

ವಾಸನೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು. ಡಿಸೆಂಬರ್‌ನಿಂದಲೇ ಸೋಪು, ತಲೆಗೆಣ್ಣೆ, ಕಾಫಿ, ಈರುಳ್ಳಿ ಬಿಟ್ಟೆ. ಅಂಟುವಾಳದ ಪುಡಿಯಲ್ಲಿ ಸ್ನಾನ, ಉಪ್ಪಿನಲ್ಲಿ ಹಲ್ಲುಜ್ಜುವುದು. ಕೆಲಸದ ಮೂರು ಜೊತೆ ಬಟ್ಟೆಗಳನ್ನು ಅಡುಗೆ ಸೋಡಾದಲ್ಲಿ ಒಗೆದು, ಒಣಗಿಸಿ, ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಟ್ಟು, ಹಲಸೂರಿನಿಂದ ಮೆಟ್ರೊ ಹತ್ತುತ್ತಿದ್ದೆ. ಪಕ್ಕದವರ ಸೆಂಟು, ಮಲ್ಲಿಗೆ, ಟಿಫಿನ್ ಡಬ್ಬಗಳ ನಡುವೆ ಆ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದೆ. ಆವರಣದ ಒಳಗೆ ಬಂದ ಮೇಲೆಯೇ ಬಟ್ಟೆ ಬದಲಾವಣೆ. ಗಮ್‌ಬೂಟುಗಳು ಹೊರಗಿನ ರಸ್ತೆ ಮುಟ್ಟುವಂತಿಲ್ಲ. ಕೈಗವಸಿಲ್ಲದೆ ಮೇವು ಮುಟ್ಟುವಂತಿಲ್ಲ. ಗಾಳಿಯ ದಿಕ್ಕು ನೋಡಿ, ಅದು ಜಿಂಕೆಗಳ ಕಡೆಯಿಂದ ನನ್ನ ಕಡೆಗೆ ಬೀಸುತ್ತಿದ್ದರೆ ಮಾತ್ರ ಮರದ ಅಟ್ಟಣೆ ಹತ್ತುವುದು.

ಗಾಳಿ ನೋಡಲು ಮೊದಲ ದಿನ ನಾನು ಪೌಡರ್ ಊದಿದೆ. ಹಿಂದಿನಿಂದ ಯಾರೋ ನಕ್ಕರು.

"ಸಾಹೇಬ್ರ, ಮದಿವಿಗಿ ಹೊಂಟಂಗ ಅದಲ್ರಿ ವಾಸನಿ!"

ಆವರಣದ ಮಾಲಿ. ಯಾದಗಿರಿ ಕಡೆಯವರು, ಐವತ್ತು ದಾಟಿದವರು. ಹೆಂಡತಿಯೊಂದಿಗೆ ಪಕ್ಕದ ಓಣಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಬಾಯಲ್ಲಿ ಬೀಡಿ, ಹೆಗಲ ಮೇಲೆ ಎಂದೂ ಒಗೆಯದ ಟವೆಲ್. ಬೇಲಿ ಬದಿಯ ಎಕ್ಕದ ಗಿಡದಿಂದ ಒಣ ಕಾಯಿ ಕಿತ್ತು, ಒಡೆದು, ಒಳಗಿನ ರೇಷ್ಮೆಯಂಥ ಹತ್ತಿಯನ್ನು ನನ್ನ ಕೈಗಿಟ್ಟರು. "ಇದನ್ನ ಬಿಡ್ರಿ. ವಾಸನಿ ಇಲ್ಲ, ಗಾಳಿ ಎತ್ತಾಗ ಹೋಗ್ತದೋ ಅತ್ತಾಗ ಹೋಗ್ತದ."

ಒಂದು ಎಳೆ ಬಿಟ್ಟೆ. ಅದು ನೂರು ಅಡಿ ದೂರದವರೆಗೂ ಕಣ್ಣಿಗೆ ಕಂಡಿತು. ಮೇಲೆ ಒಂದು ದಿಕ್ಕು, ನೆಲದ ಹತ್ತಿರ ಇನ್ನೊಂದು ದಿಕ್ಕು ಎಂಬುದೂ ಅದರಿಂದಲೇ ಗೊತ್ತಾಯಿತು. ಪೌಡರ್ ಇದನ್ನೆಲ್ಲ ಹೇಳುವುದಿಲ್ಲ. ನಾನು ಥ್ಯಾಂಕ್ಸ್ ಹೇಳಿದೆನೋ ಇಲ್ಲವೋ ನೆನಪಿಲ್ಲ. ಹೇಳಿರಲಾರೆ.

ಅದಾದ ಮೇಲೆ ಕಂಡದ್ದು ಈಗಲೂ ನನ್ನನ್ನು ಉರಿಸುತ್ತದೆ. ಮಾಲಿ ಬೀಡಿ ಎಸೆದು, ಹೂಕೋಸಿನ ಎಲೆಗಳ ಚೀಲ ಹೊತ್ತು ಮರಗಳ ನಡುವೆ ನಡೆದರು. ಜಿಂಕೆಗಳು ಬಂದವು. ಎಡಗಿವಿ ಹರಿದ ಒಂದು ಹಿರಿಯ ಹೆಣ್ಣು ಮುಂದೆ, ಉಳಿದವು ಹಿಂದೆ. "ಬಾರವ್ವ, ಬಾ, ನೀ ಯಾಕ ತಡಾ ಮಾಡ್ದಿ ಇವತ್ತ" ಎಂದು ಮನೆಯವರೊಡನೆ ಮಾತಾಡುವಂತೆ ಮಾತಾಡುತ್ತಾ ಅವರು ಎಲೆ ಚೆಲ್ಲಿದರು. ದೂರ ಅಳೆಯುವ ನನ್ನ ಉಪಕರಣದಲ್ಲಿ ನೋಡಿದೆ: ಆ ಹೆಣ್ಣಿಗೂ ಮಾಲಿಗೂ ನಡುವೆ ಎರಡು ಮೀಟರ್. ನನಗೂ ಅದಕ್ಕೂ ಅರವತ್ತು. ಅಂದಿನಿಂದ ದಿನಚರಿಯಲ್ಲಿ ಇವೆರಡಕ್ಕೂ ಒಂದೊಂದು ಅಂಕಣ ಮಾಡಿಕೊಂಡೆ. ಕೆಲಸಕ್ಕೆ ಅದರಿಂದ ಯಾವ ಉಪಯೋಗವೂ ಇರಲಿಲ್ಲ.

ಜನವರಿಯಿಡೀ ಹಿಂಡು ಆಲಿಕೆಯ ಬಾಯಿಯವರೆಗೆ ಬಂದು ನಿಲ್ಲುತ್ತಿತ್ತು. ನಾನು ಅಟ್ಟಣೆಯ ಮೇಲೆ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆ. ಕಿವಿ ಹರಿದ ಹೆಣ್ಣು ಮೂಗೆತ್ತಿ, ಮುಂಗಾಲಿನಿಂದ ನೆಲವನ್ನು ಎರಡು ಸಲ ಬಡಿದು, ಕೂಗು ಹಾಕುತ್ತಿತ್ತು. ಮರುಕ್ಷಣ ಬಾಲಗಳ ಬಿಳಿ ಮಾತ್ರ ಕಾಣುತ್ತಿತ್ತು. ಕಾರಣದ ಅಂಕಣದಲ್ಲಿ ನಾನು ಬರೆಯುತ್ತಿದ್ದುದು ಹೆಚ್ಚುಕಡಿಮೆ ಒಂದೇ: "ದೊಡ್ಡಿಯ ಬಳಿ ಬೀಡಿ ವಾಸನೆ. ಮಾಲಿ."

ಮೇವಿನಲ್ಲಾದರೂ ಗೆಲ್ಲೋಣ ಎಂದು ಒಂದು ಬೆಳಗ್ಗೆ ರಸೆಲ್ ಮಾರುಕಟ್ಟೆಗೆ ಹೋದೆ. ಮಾಲಿ ತರುವುದು ತರಕಾರಿ ಅಂಗಡಿಯವರು ಬಿಸಾಡಿದ ಎಲೆ. ನಾನು ಸೊಪ್ಪಿನ ಸಮೇತ ಎಳೆಯ ಕ್ಯಾರೆಟ್ ಕೊಂಡೆ. ಕೈಗವಸು ಹಾಕಿ ಒಂದೊಂದನ್ನೇ ಆರಿಸುತ್ತಿದ್ದಾಗ ಅಂಗಡಿಯವರು ಕೈಕಟ್ಟಿ ನೋಡುತ್ತಾ ನಿಂತರು.

"ಏನ್ ಸಾಬ್, ಕ್ಯಾರೆಟ್‌ಗೆ ಆಪರೇಷನ್ ಏನಾದ್ರೂ ಇದೆಯಾ?"

"ಜಿಂಕೆಗೆ. ಕೈ ವಾಸನೆ ತಾಗಬಾರದು."

"ಅರೆ, ನಮ್ದು ಕೈ ತಾಗಿ ತಾಗಿನೇ ಬಂದಿರೋದು ಸಾಬ್ ಇದು! ಮಾಲೂರಿಂದ ಇಲ್ಲೀತನಕ ಇಪ್ಪತ್ತು ಜನದ್ದು ಕೈ ಆಗಿದೆ. ನಿಮ್ದು ಒಂದೇ ಸ್ಪೆಷಲ್ಲಾ?"

ಮಾರನೆಯ ಬೆಳಗ್ಗೆ ಮಾಲಿಯ ಬಾಡಿದ ಎಲೆಗಳು ಖಾಲಿಯಾಗಿದ್ದವು. ನನ್ನ ಕ್ಯಾರೆಟ್ ಹಾಗೆಯೇ ಇತ್ತು.

ಆ ವಾರ ಅರಣ್ಯಾಧಿಕಾರಿ ನೋಡಲು ಬಂದರು. ಮಾಲಿ ಎಂದಿನಂತೆ ಹಿಂಡಿನ ನಡುವೆ ಇದ್ದರು. ಅಧಿಕಾರಿ ಬೇಲಿಯಾಚೆಯಿಂದ ಬಹಳ ಹೊತ್ತು ನೋಡಿ, ಫೋಟೊ ತೆಗೆದುಕೊಂಡು ನನ್ನ ಕಡೆ ತಿರುಗಿದರು. "ಏನ್ರೀ ಡಾಕ್ಟ್ರೇ, ಅವ್ರು ಬೀಡಿ ಸೇದ್ಕೊಂಡು ಬಂದ್ರೂ ಹತ್ರ ಬರ್ತವೆ. ನೀವು ಇಷ್ಟೆಲ್ಲಾ ಸ್ನಾನ ಮಾಡ್ಕೊಂಡು ಬಂದ್ರೂ ಓಡ್ತವಲ್ಲ?" ಜೊತೆಗಿದ್ದ ಸಿಬ್ಬಂದಿ ನಕ್ಕರು. ಮಾಲಿ ನಗಲಿಲ್ಲ. ಅವರು ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನಾನು ದಿನಚರಿ ತೆರೆದು ತೋರಿಸಿದೆ. ಹನ್ನೊಂದು ವಿಫಲ ದಿನಗಳು, ಹನ್ನೊಂದರಲ್ಲೂ ಅದೇ ಷರಾ. ಅವು ಮರಗಳ ಬಳಿಯಲ್ಲಿ ಮಾಲಿಯನ್ನು ಸಹಿಸಬಹುದು, ಆದರೆ ಹೊಸದಾಗಿ ಕಟ್ಟಿದ ದೊಡ್ಡಿಯ ಬಳಿ ಹೊಗೆಯ ವಾಸನೆ ಬಂದರೆ ಅನುಮಾನಪಡುತ್ತವೆ ಎಂದು ವಿವರಿಸಿದೆ. ವಿವರಣೆ ಕೇಳಲು ಚೆನ್ನಾಗಿತ್ತು. ಬರೆದದ್ದು ಕೈಯಲ್ಲಿತ್ತು. ಅಧಿಕಾರಿ ಒಪ್ಪಿದರು. ಮಾಲಿಯನ್ನು ಮುಂದಿನ ಗೇಟಿಗೆ ಹಾಕಿದರು. ಮರಗಳ ಕಡೆ ಕಾಲಿಡಬಾರದು. ಮಾಲಿ ಟವೆಲ್ ಕೊಡವಿ, "ಆತ್ರಿ" ಎಂದು ಹೋಗಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತರು.

ಆ ದಿನ ಸಂಜೆ ಮನೆಗೆ ಹೋಗುವಾಗ ನನಗೆ ಸಂತೋಷವಾಗಿತ್ತು. ಇದು ಚೆನ್ನಾಗಿ ನೆನಪಿದೆ.

ಮುಂದಿನ ಹತ್ತು ದಿನ ಜಿಂಕೆಗಳು ಆಲಿಕೆಯ ಬಾಯಿಗೂ ಬರಲಿಲ್ಲ. ಹಳೆಯ ಬಾಯ್ಲರ್ ಶೆಡ್ಡಿನ ಹಿಂದೆ ಒತ್ತಾಗಿ ನಿಂತವು. ನಾನು ಹಾಕಿದ ಮೇವನ್ನು ಕತ್ತಲಾದ ಮೇಲೆ ಅರ್ಧಂಬರ್ಧ ತಿಂದು ಹೋಗುತ್ತಿದ್ದುದು ಕ್ಯಾಮೆರಾದಲ್ಲಿ ಕಾಣುತ್ತಿತ್ತು. ಗಬ್ಬದ ಹೆಣ್ಣೊಂದರ ಪಕ್ಕೆಲುಬು ಎಣಿಸುವಂತಾಯಿತು. ಜೆಸಿಬಿ ಇನ್ನಷ್ಟು ಹತ್ತಿರ ಬಂತು.

ತಂಡದ ಪಶುವೈದ್ಯೆ ಅವುಗಳ ಸ್ಥಿತಿ ನೋಡಲು ಬಂದಳು. ಕಾಲೇಜಿನ ದಿನಗಳಿಂದ ನನ್ನ ಸ್ನೇಹಿತೆ; ನನ್ನನ್ನು ಬೈಯಲು ಹಿಂದೆಮುಂದೆ ನೋಡುವವಳಲ್ಲ. ಅಟ್ಟಣೆಯ ಮೇಲೆ ನನ್ನ ಪಕ್ಕ ಕೂತವಳು ಒಂದು ನಿಮಿಷಕ್ಕೆ ಮೂಗು ಮುಚ್ಚಿಕೊಂಡಳು.

"ಗುರು, ಬೆಳಬೆಳಗ್ಗೆ ಕಬಾಬ್ ತಿಂದ್ಕೊಂಡ್ ಬಂದಿದ್ದೀಯಾ?"

"ತಲೆ ಕೆಟ್ಟಿದ್ಯಾ? ಎರಡು ತಿಂಗಳಿಂದ ಈರುಳ್ಳಿನೂ ಮುಟ್ಟಿಲ್ಲ."

"ಮತ್ತೆ ಇದೇನು?" ನನ್ನ ತೋಳು ಎಳೆದು ಮೂಸಿದಳು. "ಶರ್ಟು. ಪೂರ್ತಿ ಇದ್ದಿಲ ಹೊಗೆ, ಸುಟ್ಟ ಕೊಬ್ಬು. ಎಲ್ಲಿ ಒಣಗಿಸ್ತೀಯಾ?"

"ತಾರಸಿ ಮೇಲೆ."

"ನಿನ್ನ ಮನೆ ತಾರಸಿ ಮೇಲೆ? ಪುಲಿಕೇಶಿನಗರದಲ್ಲಿ? ಮಗಾ!"

ನನ್ನ ಮನೆಯ ಹಿಂದಿನ ಗೋಡೆಗೆ ಅಂಟಿಕೊಂಡು ಮಸೀದಿ ರಸ್ತೆಯ ಒಂದು ಹೋಟೆಲಿನ ಅಡುಗೆಮನೆ ಇದೆ. ದಿನವೂ ಮಧ್ಯಾಹ್ನ ಮೂರೂವರೆಗೆ ಇದ್ದಿಲು ಹೊತ್ತಿಸುತ್ತಾರೆ. ನಾನು ಬಟ್ಟೆ ಒಗೆದು ಹಾಕುತ್ತಿದ್ದುದು ಮೂರಕ್ಕೆ. ನಾಲ್ಕು ವರ್ಷದಿಂದ ಅಲ್ಲಿದ್ದ ನನಗೆ ಆ ಹೊಗೆ ಹೊಗೆಯೆಂದೇ ತೋಚುತ್ತಿರಲಿಲ್ಲ. ಅಂಟುವಾಳದಲ್ಲಿ ತೊಳೆದ ಮೈಗೆ, ಸೋಡಾದಲ್ಲಿ ಒಗೆದು, ಎರಡು ಗಂಟೆ ಕಬಾಬಿನ ಹೊಗೆಯಾಡಿಸಿದ ಬಟ್ಟೆ ತೊಡಲೆಂದು, ಅದನ್ನು ವಾಸನೆ ಆರದಂತೆ ಡಬ್ಬದಲ್ಲಿ ಮುಚ್ಚಿ ತರುತ್ತಿದ್ದೆ.

ಅವಳು ನಕ್ಕು ಕಣ್ಣೊರೆಸಿಕೊಂಡಳು. ನನಗೆ ನಂಬಿಕೆ ಬರಲಿಲ್ಲ. ಒಬ್ಬರ ಮೂಗು ಪುರಾವೆಯಲ್ಲ. ಒಂದು ಅಂಗಿಯನ್ನು ಆವರಣದಲ್ಲೇ ಒಗೆದು ಒಣಗಿಸಿದೆ. ಇನ್ನೊಂದನ್ನು ತಾರಸಿಯಿಂದ ತಂದೆ. ಆಲಿಕೆಯ ಬಾಯಿಯ ಎರಡು ಬದಿಗೆ ಎರಡು ಕಂಬ, ಒಂದೊಂದಕ್ಕೆ ಒಂದೊಂದು ಅಂಗಿ, ಬುಡದಲ್ಲಿ ಒಂದೇ ಅಳತೆಯ ಮೇವು. ನಾನು ಹತ್ತಿರ ಸುಳಿಯಲಿಲ್ಲ, ಕ್ಯಾಮೆರಾ ಮಾತ್ರ. ದಿನವೂ ಬದಿ ಬದಲಾಯಿಸಿದೆ. ನಾಲ್ಕು ದಿನವೂ ತಾರಸಿಯ ಅಂಗಿಯ ಬುಡದ ಮೇವು ಉಳಿಯಿತು. ಇನ್ನೊಂದು ಕಡೆಯದು ಮುಗಿಯಿತು. ನಾಲ್ಕು ದಿನದಿಂದ ಯಾವುದೂ ಸಾಬೀತಾಗುವುದಿಲ್ಲ. ಆದರೆ ನನ್ನ ವಿವರಣೆ ಬಿದ್ದುಹೋಗಲು ಅಷ್ಟು ಸಾಕಿತ್ತು. ಅಷ್ಟಾದರೂ ಬಾಯಿ ದಾಟಿ ದೊಡ್ಡಿಯೊಳಗೆ ಅವು ಹೋಗಲೇ ಇಲ್ಲ. ತಿಂಗಳ ಕೊನೆಗೆ ಹನ್ನೆರಡು ದಿನ ಉಳಿದಿತ್ತು.

"ಅವರನ್ನ ಕರ್ಕೊಂಡ್ ಬಾ" ಎಂದಳು ಪಶುವೈದ್ಯೆ.

"ಅವರ ಅಂಗಿ ಸಾಕು. ದೊಡ್ಡಿಯೊಳಗೆ ಕಟ್ಟಿದ್ರೆ..."

"ಅಂಗಿ ಸಾಕಂತೆ. ಮನುಷ್ಯ ಮಾತ್ರ ಬೇಡ ನಿನಗೆ, ಅಲ್ವಾ?"

ಇಬ್ಬರೂ ಮುಂದಿನ ಗೇಟಿಗೆ ಹೋದೆವು. ಮಾಲಿ ಎದ್ದು ನಿಂತು ಕುರ್ಚಿಯನ್ನು ಅವಳಿಗೆ ಕೊಟ್ಟರು. ನಾನು ಅಂಗಿಯ ವಿಷಯ ಹೇಳಿದೆ. ಅವರು ಕೇಳಿಸಿಕೊಂಡು ಅಡ್ಡಡ್ಡ ತಲೆಯಾಡಿಸಿದರು.

"ಬ್ಯಾಡ್ರಿ. ನನ್ನ ವಾಸನಿ ನಂಬಿ ಒಳಗ ಬರ್ತಾವ, ನೀವು ಬಾಗ್ಲ ಹಾಕ್ತೀರಿ. ನಾ ಅಲ್ಲಿ ಇರಂಗಿಲ್ಲ. ಅದು ಮೋಸ ಆಗ್ತದ."

"ಇಲ್ಲಾಂದ್ರೆ ಸೂಜಿ ಹೊಡೀತಾರೆ ಯಜಮಾನ್ರೇ" ಎಂದಳು ಅವಳು. "ಹೊಡೆಯೋಳು ನಾನೇ. ಎಷ್ಟು ಉಳೀತವೆ ಅಂತ ನಾನು ಮಾತು ಕೊಡೋಕಾಗಲ್ಲ. ಗಬ್ಬದವು ಉಳಿಯೋದು ಕಷ್ಟ."

ಮಾಲಿ ಟವೆಲ್ ಹೆಗಲಿಗೇರಿಸಿಕೊಂಡರು. "ನಾನಽ ಕುಂದರ್ತೀನ್ರಿ ಹಂಗಾರ. ಅಂಗಿ ಬ್ಯಾಡ. ಹಗ್ಗಾನೂ ನಾನಽ ಬಿಡ್ತೀನಿ. ಯಾರು ಹಾಕಿದ್ರು ಅಂತ ಅವಕ್ಕ ಗೊತ್ತಾಗ್ಲಿ." ಆಮೇಲೆ ನನ್ನತ್ತ ತಿರುಗಿದರು. "ಆದ್ರ ಸಾಹೇಬ್ರ, ನೀವು ಪುಸ್ತಕದಾಗ ನನ್ನ ಹೆಸರು ಬರದೀರಂತ. ದೊಡ್ಡಿ ಹತ್ರ ಬೀಡಿ ಸೇದಿದೆ ಅಂತ. ಯಾವಾಗ್ರಿ?"

ದಿನಚರಿ ಕೈಯಲ್ಲೇ ಇತ್ತು. ತಾರೀಕುಗಳನ್ನು ಓದಿದೆ. ನಡುವೆ ಒಂದು ಕಡೆ ಅವರು ಕೈಯೆತ್ತಿದರು.

"ಅವು ನಾಕು ದಿನ ನಾ ಊರಾಗಿದ್ದೆ. ಎಳ್ಳ ಅಮಾಸಿಗಿ ಹೋಗಿದ್ನಲ್ರಿ? ರಜಾ ಚೀಟಿ ಮ್ಯಾಲ ನೀವೇ ಸೈನ್ ಹಾಕೀರಿ. ಬರೋವಾಗ ಶೇಂಗಾ ಹೋಳಿಗಿ ತಂದಿದ್ದೆ, ವಾಸನಿ ಆಗ್ತದ ಅಂತ ನೀವು ತಿನಲಿಲ್ಲ."

ಹೋಳಿಗೆ ನನಗೆ ನೆನಪಿತ್ತು. ಕಾಗದದ ಪೊಟ್ಟಣ, ಎಣ್ಣೆಯ ಕಲೆ, ನಾನು ಕೈಮುಗಿದು ಬೇಡವೆಂದದ್ದು, ಎಲ್ಲವೂ. ಅದೇ ನಾಲ್ಕು ದಿನ ಅಟ್ಟಣೆಯ ಮೇಲೆ ಮೂಗಿಗೆ ಬಡಿದ ಬೀಡಿಯ ವಾಸನೆಯೂ ಅಷ್ಟೇ ಸ್ಪಷ್ಟವಾಗಿ ನೆನಪಿತ್ತು, ಈಗಲೂ ಇದೆ. ಕಣ್ಣು ಮುಚ್ಚಿದರೆ ಈಗಲೂ ಬರುತ್ತದೆ. ನಾನೂರು ಕಿಲೋಮೀಟರಿಗೂ ಆಚೆ ತಮ್ಮ ಅಣ್ಣತಮ್ಮಂದಿರ ಹೊಲದಲ್ಲಿ ಕೂತು ಊಟ ಮಾಡುತ್ತಿದ್ದ ಮನುಷ್ಯನ ಬೀಡಿ. ಉಳಿದ ಏಳು ದಿನಗಳನ್ನೂ ಇನ್ನು ನಂಬುವಂತಿರಲಿಲ್ಲ.

"ತಪ್ಪು ಬರೆದಿದ್ದೀನಿ" ಎಂದೆ.

"ಹೌದ್ರಿ" ಎಂದರು ಮಾಲಿ. ಅಷ್ಟೇ.

ಅಂದು ಮಧ್ಯಾಹ್ನ ಅಧಿಕಾರಿಗೆ ಒಂದು ಪತ್ರ ಬರೆದೆ. ಹನ್ನೊಂದು ಷರಾಗಳನ್ನೂ ಹಿಂದಕ್ಕೆ ಪಡೆದಿದ್ದೇನೆ. ಅವುಗಳಲ್ಲಿ ನಾಲ್ಕು ಸುಳ್ಳೆಂದು ಖಚಿತವಾಗಿದೆ, ಉಳಿದವುಗಳಿಗೆ ಆಧಾರವಿಲ್ಲ. ಮಾಲಿಯನ್ನು ಮರಳಿ ಕರೆಸಬೇಕು. ಹಿಡಿಯುವ ಕೆಲಸ ಮುಗಿಯುವವರೆಗೆ ದೊಡ್ಡಿಯ ಮುನ್ನೂರು ಮೀಟರ್ ಒಳಗೆ ಬರಬಾರದ ವ್ಯಕ್ತಿ ನಾನು. ಕೊನೆಯ ವಾಕ್ಯವನ್ನು ಮೂರು ಸಲ ಹೊಡೆದುಹಾಕಿ ನಾಲ್ಕನೆಯ ಸಲ ಉಳಿಸಿದೆ. ಅಧಿಕಾರಿ ಫೋನು ಮಾಡಿ, "ನಿಮ್ಮ ಮೇಲೆ ನೀವೇ ರಿಪೋರ್ಟ್ ಕೊಡೋದನ್ನ ಸರ್ವಿಸಲ್ಲೇ ನೋಡಿರ್ಲಿಲ್ಲ ಕಣ್ರೀ" ಎಂದರು.

ಹಳೆಯ ಕ್ಯಾಂಟೀನಿನ ಕಟ್ಟಡದಲ್ಲಿ, ಗಾಳಿಗೆ ಕೆಳಬದಿಯಲ್ಲಿ ಕೂತು, ಕ್ಯಾಮೆರಾ ಕಳಿಸುವ ಚಿತ್ರವನ್ನು ಮೊಬೈಲಿನಲ್ಲಿ ನೋಡುವುದಷ್ಟೇ ನನ್ನ ಪಾಲಿಗೆ ಉಳಿಯಿತು. ಮೊದಲ ದಿನ ಮಾಲಿ ಆಲಿಕೆಯ ಬಾಯಲ್ಲಿ ಕೂತರು. ಮರುದಿನ ಹತ್ತು ಹೆಜ್ಜೆ ಒಳಗೆ. ಹೀಗೇ ದೊಡ್ಡಿಯ ನಡುವಿಗೆ. ಐದನೆಯ ದಿನ ಕಿವಿ ಹರಿದ ಹೆಣ್ಣು ಒಳಗೆ ಬಂದು ಅವರ ಮೊಣಕಾಲಿನ ಬಳಿಯ ಎಲೆ ಎಳೆಯಿತು. ಅಂಗೈಯಗಲದ ತೆರೆಯಲ್ಲಿ ಅದಕ್ಕೂ ಮಾಲಿಗೂ ನಡುವಿನ ದೂರವನ್ನು ನಾನು ಬೆರಳಿನಿಂದ ಅಳೆಯುತ್ತಾ ಕೂತಿದ್ದೆ. ಕೆಲಸ ಆಗುತ್ತಿದೆ ಎಂಬ ಸಮಾಧಾನ ಅದರಲ್ಲಿ ಸ್ವಲ್ಪವೇ ಇತ್ತು.

ಎಂಟನೆಯ ದಿನ ಬೆಳಗ್ಗೆ ಹದಿನೇಳೂ ಒಳಗಿದ್ದವು. ಮಾಲಿ ಎದ್ದರು, ಬೆನ್ನು ತೋರಿಸದೆ ಹಿಂದೆ ಹಿಂದೆ ನಡೆದು ಹೊರಬಂದರು, ಹಗ್ಗ ಸಡಿಲಿಸಿದರು. ಬಾಗಿಲು ಸದ್ದಿಲ್ಲದೆ ಇಳಿಯಿತು. ಜಿಂಕೆಗಳು ತಲೆಯೆತ್ತಿದವು. ಓಡಲಿಲ್ಲ. ಮಾಲಿ ಪರದೆಗೆ ಒರಗಿ ಹೊರಗಡೆ ಕೂತರು. ಅವು ಒಳಗಡೆಯಿಂದ ಅದೇ ಜಾಗಕ್ಕೆ ಬಂದು ನಿಂತವು. ಎರಡು ದಿನ ಅವರು ಅಲ್ಲಿಂದ ಕದಲಲಿಲ್ಲ. ಹೆಂಡತಿ ರೊಟ್ಟಿ ತಂದುಕೊಡುತ್ತಿದ್ದರು.

ಮೂರನೆಯ ದಿನ ಸಂಜೆ, ಹುಲ್ಲು ಹಾಸಿ ಕತ್ತಲು ಮಾಡಿದ ಲಾರಿಗೆ ಅವುಗಳನ್ನು ಹತ್ತಿಸಿದೆವು. ಒಂದೂ ಬೀಳಲಿಲ್ಲ. ಅಧಿಕಾರಿ ಮಾಲಿಯ ಹೆಗಲ ಮೇಲೆ ಕೈಯಿಟ್ಟರು. "ನೀವೂ ಬನ್ನಿ ಯಜಮಾನ್ರೇ. ಅಲ್ಲಿ ಬಿಡೋವಾಗ ನೀವಿದ್ರೆ ಗಾಬರಿ ಆಗಲ್ಲ."

"ಇಲ್ರಿ" ಎಂದರು ಮಾಲಿ. "ನಾ ಬಂದ್ರ ಅಲ್ಲಿನೂ ಮನಷ್ಯಾರ ಹಂತ್ಯಾಕ ಹೋಗ್ತಾವ. ಕಾಡಿನ್ಯಾಗ ಬರೋರು ಎಲ್ಲಾರೂ ಎಲಿ ತರಂಗಿಲ್ಲ. ಉರುಳು ತರ್ತಾರ." ನನ್ನ ಕಡೆ ಗದ್ದ ಎತ್ತಿದರು. "ಇವರನ್ನ ಕಳಸ್ರಿ. ಇವರಿಗಿ ಅಂಜ್ತಾವ."

ಹೀಯಾಳಿಸಲಿಲ್ಲ. ಕೆಲಸಕ್ಕೆ ತಕ್ಕ ಆಳನ್ನು ತೋರಿಸುವ ಹಾಗೆ ಹೇಳಿದರು.

ಮಾರನೆಯ ಬೆಳಗ್ಗೆ ಕಾಡಿನಂಚಿನಲ್ಲಿ ಲಾರಿಯ ಹಿಂಬಾಗಿಲು ತೆರೆಯುವಾಗ, ಗಾಳಿ ನನ್ನಿಂದ ಲಾರಿಯ ಕಡೆಗೆ ಬೀಸುವಂತೆ ನೋಡಿಕೊಂಡು ನಿಂತೆ. ನನ್ನ ವಾಸನೆ ಅವುಗಳಿಗೆ ಮುಟ್ಟಲೆಂದು ನಾನು ನಿಂತದ್ದು ಅದೇ ಮೊದಲು. ಗಂಡುಗಳು ಮೊದಲು ಹಾರಿದವು, ಮೂಗೆತ್ತಿದವು, ಕೂಗಿದವು. ಹಿಂಡು ಪೊದೆಗಳೊಳಗೆ ಹರಿದುಹೋಯಿತು. ಎಣಿಸಿದೆ. ಹದಿನಾರು.

ಕಿವಿ ಹರಿದ ಹೆಣ್ಣು ಹತ್ತು ಮಾರು ಹೋಗಿ ನಿಂತಿತ್ತು. ತಿರುಗಿತು. ಲಾರಿಯ ಪಕ್ಕದಲ್ಲಿ ನಿಂತಿದ್ದ ಅರಣ್ಯ ಕಾವಲುಗಾರನ ಕಡೆಗೆ ಕತ್ತು ಚಾಚಿಕೊಂಡು, ಒಂದೊಂದೇ ಹೆಜ್ಜೆ ಇಡುತ್ತಾ ಬಂತು. ಅವನನ್ನು ಅದು ಎಂದೂ ನೋಡಿರಲಿಲ್ಲ. ಅವನ ಮುಖ ಅರಳಿತು. ಕೈ ಮುಂದೆ ಚಾಚಿ ಪಿಸುಗುಟ್ಟಿದ: "ನೋಡಿ ಸಾರ್, ಎಷ್ಟು ಸಾಧು!"

ನಾನು ಓಡಿದೆ. ಕೂಗುತ್ತಾ, ಕೈ ಬೀಸುತ್ತಾ, ಸಿಕ್ಕಿದ ಕಲ್ಲೆತ್ತಿ ಎಸೆದೆ. ಕಲ್ಲು ಅದರ ತೊಡೆಗೆ ಬಡಿಯಿತು. ಜಿಂಕೆ ನನ್ನನ್ನು ಒಂದು ಕ್ಷಣ ನೋಡಿ, ಕೂಗಿ, ನೆಗೆದು ಪೊದೆಗಳಲ್ಲಿ ಮರೆಯಾಯಿತು.

"ಯಾಕ್ ಸಾರ್ ಹೊಡೆದ್ರಿ?" ಎಂದ ಕಾವಲುಗಾರ, ಚಾಚಿದ ಕೈ ಹಾಗೆಯೇ ಇಟ್ಟುಕೊಂಡು.

ಅದರ ಒಳ್ಳೆಯದಕ್ಕೆ ಎಂದು ಹೇಳಿದೆ. ಕಲ್ಲೆತ್ತಿಕೊಂಡ ಗಳಿಗೆಯಲ್ಲಿ ನನ್ನ ಮನಸ್ಸಿನಲ್ಲಿದ್ದುದು ಅದೇಯೋ, ಇಲ್ಲಾ ಇದು ಮತ್ತೊಬ್ಬನ ಕೈಗೆ ಹೋಗುತ್ತಿದೆ ಎಂಬ ಉರಿಯೋ, ಎಷ್ಟು ಸಲ ನೆನೆದರೂ ತೀರ್ಮಾನಕ್ಕೆ ಬರಲು ನನಗೆ ಆಗಿಲ್ಲ.

ಸ್ವಲ್ಪ ಹೊತ್ತಿಗೆ ಮಾಲಿಯ ಫೋನು ಬಂತು.

"ಎಲ್ಲಾ ಹೋದ್ವ್ರೀ?"

"ಹೋದ್ವು."

"ಕಿವಿ ಹರದದ್ದು?"

"ಅದೊಂದು ವಾಪಸ್ ಬಂತು, ಕಾವಲಿನವನ ಹತ್ರ. ಕಲ್ಲು ಹೊಡೆದೆ."

ಆ ತುದಿಯಲ್ಲಿ ಜೆಸಿಬಿಯ ಸದ್ದು ಕೇಳುತ್ತಿತ್ತು.

"ತಾಗ್ತೇನ್ರಿ?"

"ತಾಗ್ತು. ತೊಡೆಗೆ."

"ಓಡ್ತಾ?"

"ಓಡ್ತು. ಮತ್ತೆ ತಿರುಗಿ ನೋಡ್ಲಿಲ್ಲ."

"ಚಲೋ ಮಾಡಿದ್ರಿ" ಎಂದರು ಮಾಲಿ. ಇನ್ನೊಮ್ಮೆ ಹೇಳಿದರು: "ಚಲೋ ಮಾಡಿದ್ರಿ ಸಾಹೇಬ್ರ. ನನ್ನ ಕೈಲಿಂದ ಆಗ್ತಿದ್ದಿಲ್ಲ."